ಕಾಣೆಯಾದ ಜಾಗ ಎಲ್ಲಿ ಹೋಯಿತು?

ತೆಂಗಿನ ಸೀಮೆಯ ಮನೆಗಳಲ್ಲಿ ಅಟ್ಟವೆಂಬುದು ಮನೆಯ ಅರ್ಧ ಆಸ್ತಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಬಲಿತ ಕಾಯನ್ನು ಸಿಪ್ಪೆಸಮೇತವಾಗಿ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ತಮ್ಮ ಅಟ್ಟ ಎಷ್ಟು ಕಾಯಿ ಹಿಡಿಯುತ್ತದೆಂಬುದು ಮನೆಯ ಯಜಮಾನನಿಗೆ ಬಾಯಿಪಾಠ. ಒಂದು ದಿನ ಅಟ್ಟವನ್ನು ಬರಿದುಮಾಡಿ, ಚೆನ್ನಾಗಿ ಗುಡಿಸಿ, ಮತ್ತೆ ಕಾಯಿ ಏರಿಸಲು ಹೊರಟಾಗ, ಹತ್ತು ಸಾವಿರ ಹಿಡಿಯುತ್ತಿದ್ದ ಅಟ್ಟ ನೂರಕ್ಕೇ ತುಂಬಿಹೋಯಿತೆಂದು ಯಾರಾದರೂ ಹೇಳಿದರೆ ನಂಬುವರುಂಟೆ?

ಅಟ್ಟದ ವಿಷಯದಲ್ಲಿ ನಂಬಲಾಗದ ಈ ಸಂಗತಿ ಗಣಕಯಂತ್ರದ ಹಾರ್ಡ್ ಡಿಸ್ಕಿನ ವಿಷಯದಲ್ಲಿ ನಡೆಯುವುದುಂಟು. ಇದ್ದುದನ್ನೆಲ್ಲ ಅಳಿಸಿದ ಮೇಲೆ ಡಿಸ್ಕಿನಲ್ಲಿ ಜಾಗ ಹೆಚ್ಚಬೇಕಷ್ಟೆ? ಹೆಚ್ಚುವುದಕ್ಕೆ ಬದಲಾಗಿ, ಐನೂರು ಗಿಗಾಬೈಟಿನ ಡಿಸ್ಕು ತನ್ನಲ್ಲಿರುವುದು ನಾಲ್ಕೇ ಗಿಗಾಬೈಟೆಂದು ಸಾರುತ್ತದೆ. ಒಡೆಯ ಕಂಗೆಡುತ್ತಾನೆ. ಡಿಸ್ಕು ಕೆಟ್ಟಿತೆಂದು ಬಗೆದು ಅದನ್ನು ಗುಜರಿಗೆ ಹಾಕುವವರೂ ಇದ್ದಾರೆ.

ತಿಪಟೂರು ತಾಲ್ಲೂಕಿನ ಬಿಳಿಗೆರೆಯಲ್ಲಿ ಒಂದು ತೋಟದ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮನೆಯಲ್ಲೊಂದು ಹಳೆಯ ಗಣಕಯಂತ್ರ. ಅದರ ಡಿಸ್ಕಿನಲ್ಲಿ ಹಲವು ವರ್ಷಗಳ ಕೊಬ್ಬರಿ ವ್ಯಾಪಾರದ ಲೆಕ್ಕ, ಮದುವೆ ಮುಂಜಿಗಳ ಚಿತ್ರಗಳು. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗ ಲೆಕ್ಕಪತ್ರಗಳನ್ನೂ ಚಿತ್ರಗಳನ್ನೂ ಬೇರೆಡೆಗೆ ಇಳಿಸಿಕೊಂಡು, ಡಿಸ್ಕಿನ ವಿಭಾಗಗಳನ್ನೆಲ್ಲ ಅಳಿಸಿದ್ದಾನೆ. ಅನಂತರ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಪರೀಕ್ಷಿಸಿ ನೋಡಲೆಂದು ಅದರ ಸ್ಥಾಪನಾ ಪ್ರತಿಯನ್ನು ಇಡಿಯಾಗಿ ಆ ಡಿಸ್ಕಿನ ಮೇಲೆ ಬರೆದಿದ್ದಾನೆ. ಪರೀಕ್ಷೆ ಮುಗಿದ ಮೇಲೆ ಡಿಸ್ಕನ್ನು ವಿಂಡೋಸಿಗೆ ಜೋಡಿಸಿ ನೋಡಿದರೆ, ನಾಲ್ಕು ಗಿಗಾಬೈಟು!

"ಏನ್ಲಾ ಮಗ, ಅಷ್ಟು ದೊಡ್ಡ ಅಟ್ಟ ಇಷ್ಟಾಗೋಯ್ತಾ?" ಎಂದು ಕೇಳುತ್ತಾರೆ ತಾತ.

"ಗೊತ್ತಾಗ್ತಿಲ್ಲ ತಾತ. ಒರೆಸಿದ್ದು ಜಾಸ್ತಿ ಆಯ್ತೇನೋ."

"ಅದಿರ್ಲಿ, ನಿಮ್ಮಜ್ಜಿ ಸೋಬಾನೆ ಪದ ಹೇಳಿದ್ರಲ್ಲ, ಅದೂ ಅದ್ರೊಳಗೇ ಇತ್ತಲ್ವೇನೋ?"

ಹುಡುಗನ ಕೈ ನಿಂತುಬಿಡುತ್ತದೆ. ಅಜ್ಜಿ ಈಗ ಇಲ್ಲ. ಅವಳ ದನಿಯಿದ್ದ ಕಡತಗಳನ್ನು ಇಳಿಸಿಕೊಳ್ಳುವುದನ್ನೇ ಅವನು ಮರೆತಿದ್ದಾನೆ. ಈಗ ಅವನ ಮುಂದಿರುವ ಪ್ರಶ್ನೆ ಎರಡು: ಹೋದ ಜಾಗ ಬರುವುದೆ? ಹೋದ ದನಿ ಬರುವುದೆ? ಎರಡಕ್ಕೂ ಉತ್ತರವುಂಟು. ಆದರೆ ಯಾವುದನ್ನು ಮೊದಲು ಕೇಳುತ್ತಾನೆಂಬುದರ ಮೇಲೆ ಎರಡನೆಯದರ ಅಳಿವು ಉಳಿವು ನಿಂತಿದೆ.

ಒರೆಸಿ ಬರೆಯುವ ಕಡತ

ಬರೆದುದನ್ನು ಒರೆಸಿ, ಅದೇ ಜಾಗದಲ್ಲಿ ಮತ್ತೆ ಬರೆಯುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಹಿಂದೆ ಶಾನುಭೋಗರೂ ವರ್ತಕರೂ ಮಠಗಳವರೂ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬೆರೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತ ಸಿದ್ಧವಾಗುತ್ತಿತ್ತು. ಕಪ್ಪು ನೆಲದ ಮೇಲೆ ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು ವಾಡಿಕೆ. ಒರೆಸದೆ ಜೋಪಾನಮಾಡಿದ ಕಡತಗಳು ಇಂದಿಗೂ ಓದಲು ಸಿಕ್ಕುತ್ತವೆ. ಶೃಂಗೇರಿ ಮಠದ ಕಡತಗಳು ಇತಿಹಾಸಜ್ಞರಿಗೆ ಅಮೂಲ್ಯ ಆಕರಗಳಾಗಿವೆ. ಗಣಕಯಂತ್ರದ ಫೈಲಿಗೆ ಕನ್ನಡದಲ್ಲಿ ಕಡತವೆಂಬ ಹೆಸರೇ ನಿಂತಿರುವುದು ಉಚಿತವಾಗಿಯೇ ಇದೆ.

ಆದರೆ ಇವೆರಡಕ್ಕೂ ಒಂದು ದೊಡ್ಡ ಭೇದವುಂಟು. ಬಟ್ಟೆಯ ಕಡತವನ್ನು ಒರೆಸಿದರೆ ಅಕ್ಷರ ಹೋಯಿತು, ಜಾಗ ಕಣ್ಣಿಗೆ ಕಂಡಿತು. ಅಲ್ಲಿ ಮರೆಯೇನೂ ಇಲ್ಲ. ಡಿಸ್ಕಿನಲ್ಲಾದರೋ ಬರಹ ಒಂದೆಡೆ, ಬರಹ ಎಲ್ಲೆಲ್ಲಿದೆಯೆಂಬ ಪಟ್ಟಿ ಮತ್ತೊಂದೆಡೆ. ಮನುಷ್ಯನ ಕಣ್ಣಿಗೆ ಬೀಳುವುದು ಪಟ್ಟಿ ಮಾತ್ರ. ಪಟ್ಟಿ ಅಳಿದು ಬರಹ ಉಳಿದಿರಬಹುದು. ಜಾಗವಿದ್ದೂ ಪಟ್ಟಿಯಲ್ಲಿ ಕಾಣದಿರಬಹುದು.

ಪಹಣಿಯಲ್ಲಿಲ್ಲದ ಹೊಲ

1956ರಲ್ಲಿ ಐ.ಬಿ.ಎಂ. ಸಂಸ್ಥೆ ರಾಮಾಕ್ ಎಂಬ ಗಣಕಯಂತ್ರದೊಡನೆ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ಎರಡಡಿ ಅಗಲದ ಐವತ್ತು ತಟ್ಟೆಗಳು, ಸುಮಾರು ಒಂದು ಟನ್ ತೂಕ. ಅದು ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರ. ಬಿಳಿಗೆರೆಯ ಹುಡುಗನ ಅಂಗೈಯಲ್ಲಿ ಹಿಡಿಸುವ ಡಿಸ್ಕು ಅದರ ಲಕ್ಷದಷ್ಟು ಹಿಡಿಯುತ್ತದೆ. ಗಾತ್ರ ಬದಲಾಯಿತಾದರೂ ಮೂಲತತ್ತ್ವ ಬದಲಾಗಲಿಲ್ಲ: ತಿರುಗುವ ತಟ್ಟೆ, ತಟ್ಟೆಯ ಮೇಲೆ ಕಾಂತಶಕ್ತಿಯ ಗುರುತು.

ತಟ್ಟೆಯ ಮೇಲ್ಮೈಯನ್ನು ಸಣ್ಣ ಸಣ್ಣ ಗದ್ದೆಗಳಾಗಿ ಹಂಚಿರುತ್ತಾರೆ. ಇದಕ್ಕೆ ಸೆಕ್ಟರೆಂದು ಹೆಸರು. ಹಳೆಯ ಲೆಕ್ಕದಲ್ಲಿ ಒಂದು ಸೆಕ್ಟರಿಗೆ 512 ಬೈಟು. ಐನೂರು ಗಿಗಾಬೈಟಿನ ಡಿಸ್ಕಿನಲ್ಲಿ ಇಂತಹ ಗದ್ದೆಗಳು 97 ಕೋಟಿ 67 ಲಕ್ಷಕ್ಕೂ ಮಿಗಿಲು. ಇಷ್ಟು ವಿಸ್ತಾರವಾದ ನೆಲದಲ್ಲಿ ಯಾವುದು ಯಾರದು, ಎಲ್ಲಿಂದ ಎಲ್ಲಿಯವರೆಗೆ ಎಂಬುದಕ್ಕೆ ಒಂದು ದಾಖಲೆ ಬೇಕಷ್ಟೆ? ಆ ದಾಖಲೆಯೇ ವಿಭಾಗಪಟ್ಟಿ, ಎಂದರೆ ಪಾರ್ಟಿಷನ್ ಟೇಬಲ್. 1983ರಿಂದ ಬಳಕೆಯಲ್ಲಿರುವ ಪದ್ಧತಿಯಲ್ಲಿ ಈ ಪಟ್ಟಿ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿರುತ್ತದೆ. ಅದರ ಗಾತ್ರ ಕೇವಲ 64 ಬೈಟು. ಕೋಟ್ಯಂತರ ಗದ್ದೆಗಳ ಹಣೆಬರಹ ಈ ಅರವತ್ನಾಲ್ಕು ಬೈಟಿನಲ್ಲಿ ಅಡಗಿದೆ.

ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲ ಕಣ್ಣೆದುರಿಗೇ ಇದ್ದರೂ ಪಹಣಿಯಲ್ಲಿ ಬರದಿದ್ದರೆ ಬ್ಯಾಂಕಿನವರಿಗೆ ಅದು ಇಲ್ಲದ ಹೊಲ. ನಾಲ್ಕು ಎಕರೆಯನ್ನು ಬರೆಯುವಲ್ಲಿ ನಾಲ್ಕು ಗುಂಟೆಯೆಂದು ಬರೆದರೆ ಕಾಗದದಲ್ಲಿ ನಾಲ್ಕು ಗುಂಟೆಯೇ ನಿಜ. ಹಾಗೆಂದು ಉಳಿದ ನೆಲವನ್ನು ಯಾರೂ ಹೊತ್ತುಕೊಂಡು ಹೋಗಿಲ್ಲ. ಪಹಣಿ ತಿದ್ದಿಸಬೇಕು, ಅಷ್ಟೆ.

ಕಲ್ಪನೆಯ ಹುಡುಗನ ಡಿಸ್ಕಿಗೆ ಆದದ್ದು ಇದೇ. ಲಿನಕ್ಸಿನ ಸ್ಥಾಪನಾ ಪ್ರತಿಯೊಳಗೆ ತನ್ನದೇ ಆದ ಒಂದು ವಿಭಾಗಪಟ್ಟಿ ಅಡಕವಾಗಿರುತ್ತದೆ. ಅದನ್ನು ಬರೆದಾಗ ಡಿಸ್ಕಿನ ಹಳೆಯ ಪಹಣಿ ಹೋಗಿ ನಾಲ್ಕು ಗಿಗಾಬೈಟಿನ ಹೊಸ ಪಹಣಿ ಬಂದು ಕುಳಿತಿತು. ಉಳಿದ ನೆಲ ಯಾರ ಖಾತೆಗೂ ಸೇರದೆ ಬಿದ್ದಿದೆ. ಬಿಳಿಗೆರೆಯೆಂಬ ಹೆಸರಿನಲ್ಲೇ ಕೆರೆಯುಂಟು. ಕೆರೆಯಲ್ಲಿ ಹೂಳು ತುಂಬಿದರೆ ನೀರು ಹಿಡಿಯುವ ಶಕ್ತಿ ನಿಜವಾಗಿಯೇ ಕುಗ್ಗುತ್ತದೆ. ಹೂಳೆತ್ತದೆ ಅದು ಮರಳದು. ಡಿಸ್ಕಿನ ನಷ್ಟ ಆ ಬಗೆಯದಲ್ಲ. ಇಲ್ಲಿ ಕೆರೆ ಆಳವಾಗಿಯೇ ಇದೆ. ಲೆಕ್ಕ ಬರೆದವನ ಕೈ ತಪ್ಪಿದೆ.

ಗಿಗಾಬೈಟು ಒಂದೇ, ಅಳತೆ ಎರಡು

ಕೊರತೆ ತೀರ ಸಣ್ಣದಾಗಿದ್ದರೆ ಅದು ಕೊರತೆಯೇ ಅಲ್ಲದಿರಬಹುದು. ಡಿಸ್ಕಿನ ಮೇಲೆ 500 ಗಿಗಾಬೈಟೆಂದು ಅಚ್ಚಾಗಿದ್ದರೂ ವಿಂಡೋಸ್ 465 ಎಂದೇ ತೋರಿಸುತ್ತದೆ. ಒಂದು ಟೆರಾಬೈಟಿನ ಡಿಸ್ಕು 931 ಆಗುತ್ತದೆ. ಅಂಗಡಿಯವನು ಮೋಸಮಾಡಿದನೆಂದು ಜಗಳಕ್ಕೆ ಹೋದವರುಂಟು. ಇಲ್ಲಿ ಮೋಸವೇನೂ ಇಲ್ಲ. ಡಿಸ್ಕು ತಯಾರಿಸುವವರ ಗಿಗಾಬೈಟೆಂದರೆ ನೂರು ಕೋಟಿ ಬೈಟು. ವಿಂಡೋಸಿನ ಗಿಗಾಬೈಟೆಂದರೆ 1,07,37,41,824 ಬೈಟು. ಎರಡನ್ನು ಮೂವತ್ತು ಬಾರಿ ಗುಣಿಸಿದರೆ ಬರುವ ಸಂಖ್ಯೆ. ಅಳೆಯುವ ಕೊಳಗ ದೊಡ್ಡದಾದರೆ ಕೊಳಗಗಳ ಲೆಕ್ಕ ಕಡಿಮೆಯಾಗುತ್ತದೆ; ರಾಶಿ ಅಷ್ಟೇ ಇರುತ್ತದೆ.

ಸೇರು, ಮಣಗಳು ಒಂದೊಂದು ಸೀಮೆಯಲ್ಲಿ ಒಂದೊಂದು ತೂಕವಾಗಿದ್ದ ಕಾಲವೊಂದಿತ್ತು. ಆ ಗೊಂದಲವನ್ನು ನೀಗಲು ಭಾರತ ಸರ್ಕಾರ 1956ರಲ್ಲಿ ಕಾನೂನು ತಂದು ಮೆಟ್ರಿಕ್ ಪದ್ಧತಿಯನ್ನು ಜಾರಿಗೊಳಿಸಿತು. ಬೈಟುಗಳ ಲೋಕದಲ್ಲಿಯೂ ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1998ರಲ್ಲಿ ದೊಡ್ಡ ಕೊಳಗಕ್ಕೆ ಗಿಬಿಬೈಟೆಂಬ ಬೇರೆ ಹೆಸರಿಟ್ಟಿತು. ಆದರೆ ವಿಂಡೋಸ್ ಆ ಹೆಸರನ್ನು ಬಳಸದೆ ಹಳೆಯ ರೂಢಿಯನ್ನೇ ಇಟ್ಟುಕೊಂಡಿತು. ಆದುದರಿಂದ 500ಕ್ಕೆ ಬದಲು 465 ಕಂಡವರು ಚಿಂತಿಸಬೇಕಾಗಿಲ್ಲ. ಆ ಮೂವತ್ತೈದನ್ನು ಹುಡುಕಿಕೊಡುವುದಾಗಿ ಹೇಳುವವರಿಗೆ ಹಣವನ್ನೂ ಕೊಡಬೇಕಾಗಿಲ್ಲ.

ಬೇಲಿಯಾಚೆಯ ನೆಲ

ಜಾಗ ಮರೆಯಾಗುವುದಕ್ಕೆ ಬೇರೆ ಕಾರಣಗಳೂ ಇವೆ. ಹಳೆಯ ಪದ್ಧತಿಯ ವಿಭಾಗಪಟ್ಟಿಯಲ್ಲಿ ಗದ್ದೆಗಳ ಸಂಖ್ಯೆಯನ್ನು ಬರೆಯಲು ಇರುವ ಮನೆಗಳು 32 ಮಾತ್ರ. ಆ ಕಾರಣ ಸುಮಾರು ಎರಡು ಟೆರಾಬೈಟಿನಾಚೆಗೆ ಅದಕ್ಕೆ ಎಣಿಸಲು ಬಾರದು. ಮೂರು ಟೆರಾಬೈಟಿನ ಡಿಸ್ಕನ್ನು ಅಳಿಸಿ ಅದೇ ಹಳೆಯ ಪದ್ಧತಿಯಲ್ಲಿ ಮತ್ತೆ ಅಣಿಗೊಳಿಸಿದರೆ, ವಿಂಡೋಸಿನ ಲೆಕ್ಕದಲ್ಲಿ 2048 ಗಿಗಾಬೈಟು ಬಳಕೆಗೆ ಬಂದು, ಉಳಿದ 746 ಬೇಲಿಯಾಚೆ ನಿಲ್ಲುತ್ತದೆ. ಕೆಲವು ಹಳೆಯ ಯು.ಎಸ್.ಬಿ. ಪೆಟ್ಟಿಗೆಗಳಿಗೆ ಹಾಕಿದರೆ ಇದಕ್ಕೆ ತಿರುಗುಮುರುಗಾಗಿ 746 ಮಾತ್ರ ಕಾಣುವುದೂ ಉಂಟು. ಜಿ.ಪಿ.ಟಿ. ಎಂಬ ಹೊಸ ಪದ್ಧತಿಯ ಪಟ್ಟಿಗೆ ಈ ಮಿತಿಯಿಲ್ಲ. ಅದು ಡಿಸ್ಕಿನ ಮೊದಲಲ್ಲಿ ಒಂದು ಪ್ರತಿ, ಕೊನೆಯಲ್ಲಿ ಮತ್ತೊಂದು ಪ್ರತಿ ಇಟ್ಟುಕೊಂಡಿರುತ್ತದೆ.

ಪೆನ್‌ಡ್ರೈವುಗಳದು ಇನ್ನೊಂದು ಬಗೆ. ಫ್ಯಾಟ್-32 ಎಂಬ ಕ್ರಮದಲ್ಲಿ ಅಣಿಗೊಳಿಸುವಾಗ ವಿಂಡೋಸ್ ಬಹುಕಾಲ 32 ಗಿಗಾಬೈಟಿಗಿಂತ ದೊಡ್ಡ ವಿಭಾಗವನ್ನು ಮಾಡಗೊಡುತ್ತಿರಲಿಲ್ಲ. ಆ ಕ್ರಮಕ್ಕೆ ಹೆಚ್ಚಿನ ಶಕ್ತಿಯಿದ್ದರೂ ಇದು ವಿಂಡೋಸ್ ಹಾಕಿಕೊಂಡ ಕಟ್ಟಳೆ. ಎಕ್ಸ್‌ಫ್ಯಾಟ್ ಎಂಬ ಕ್ರಮವನ್ನು ಆರಿಸಿದರೆ ಆ ತೊಡಕಿಲ್ಲ.

ಕೊನೆಯದು ಸ್ವಲ್ಪ ಗೂಢ. ಡಿಸ್ಕು ತಾನೇ ತನ್ನ ಕೊನೆಯ ಭಾಗವನ್ನು ಮುಚ್ಚಿಟ್ಟುಕೊಂಡು, ಇರುವುದೇ ಇಷ್ಟೆಂದು ಹೇಳುವ ಏರ್ಪಾಡು ಒಂದುಂಟು. ಇದಕ್ಕೆ ಎಚ್.ಪಿ.ಎ. ಎಂದು ಹೆಸರು. ಮನೆಯ ಗೋಡೆಯೊಳಗಿನ ಗುಪ್ತ ಹಗೇವಿನಂತೆ ಇದು. ಸಾಮಾನ್ಯ ಅಳಿಸುವಿಕೆ ಅದನ್ನು ಮುಟ್ಟುವುದಿಲ್ಲ. ಲಿನಕ್ಸಿನ ಎಚ್‌ಡಿಪಾರ್ಮ್ ಎಂಬ ಸಾಧನ ಅದನ್ನು ತೋರಿಸಿಕೊಡಬಲ್ಲದು, ತೆಗೆಯಲೂ ಬಲ್ಲದು. ಆದರೆ ಅರಿಯದವರು ಅದರ ತಂಟೆಗೆ ಹೋಗದಿರುವುದು ಲೇಸು.

ಇವಾವುದೂ ಅಲ್ಲದೆ, ಯಾವ ಯಂತ್ರಕ್ಕೆ ಜೋಡಿಸಿದರೂ ಡಿಸ್ಕು ತನ್ನ ಅಳತೆಯನ್ನು ಸೊನ್ನೆಯೆಂದೋ ಕೆಲವೇ ಮೆಗಾಬೈಟೆಂದೋ ಹೇಳುತ್ತಿದ್ದರೆ, ಅಥವಾ ಒಳಗಿನಿಂದ ಟಕಟಕ ಸದ್ದು ಬರುತ್ತಿದ್ದರೆ, ಅದು ನಿಜವಾದ ರೋಗ. ಅಂತಹ ಡಿಸ್ಕಿನ ಮೇಲೆ ಪ್ರಯೋಗ ನಡೆಸದೆ, ಒಳಗಿರುವುದು ಬೇಕಾಗಿದ್ದಲ್ಲಿ ಬಲ್ಲವರಲ್ಲಿಗೆ ಒಯ್ಯಬೇಕು.

ಜಾಗವೋ, ಜಾಗದಲ್ಲಿದ್ದುದೋ?

ಇನ್ನು ಬಿಳಿಗೆರೆಯ ಮನೆಗೆ ಮರಳಬಹುದು. ಕಾಣೆಯಾದ ಜಾಗವನ್ನು ಹತ್ತೇ ನಿಮಿಷದಲ್ಲಿ ಮರಳಿ ಪಡೆಯಬಹುದೆಂದು ಹುಡುಗನಿಗೆ ಈಗ ತಿಳಿದಿದೆ. ಆದರೆ ಅವನು ತಡೆಯಬೇಕು. ಜಾಗವನ್ನು ಮರಳಿಸುವ ಒಂದೊಂದು ಹೆಜ್ಜೆಯೂ ಅಜ್ಜಿಯ ದನಿಯನ್ನು ಮತ್ತಷ್ಟು ದೂರ ತಳ್ಳಬಹುದು.

ವಿಭಾಗವನ್ನು ಅಳಿಸುವುದು, ಬೇಗನೆ ಮುಗಿಯುವ ಕ್ವಿಕ್ ಫಾರ್ಮ್ಯಾಟ್ ಮಾಡುವುದು, ಇವು ಪಟ್ಟಿಯನ್ನು ಮಾತ್ರ ಹರಿಯುತ್ತವೆ. ಹೊಲದಲ್ಲಿ ನಿಂತ ಬೆಳೆ ನಿಂತೇ ಇರುತ್ತದೆ. ಹುಡುಗ ಮಾಡಿದ್ದು ಇದನ್ನೇ. ಲಿನಕ್ಸಿನ ಪ್ರತಿ ಡಿಸ್ಕಿನ ಮೊದಲ ನಾಲ್ಕು ಗಿಗಾಬೈಟನ್ನು ತುಳಿದುಹಾಕಿದೆ. ಕಡತಗಳ ಹೆಸರುಗಳಿದ್ದ ಪಟ್ಟಿ ಬಹುಮಟ್ಟಿಗೆ ಆ ತುಳಿತಕ್ಕೆ ಸಿಕ್ಕಿರುತ್ತದೆ. ಆದರೆ ಅದರಾಚೆಯ 460 ಗಿಗಾಬೈಟನ್ನು ಯಾರೂ ಮುಟ್ಟಿಲ್ಲ. ದನಿ ಅಲ್ಲಿದ್ದರೆ ಅದು ಇನ್ನೂ ಅಲ್ಲೇ ಇದೆ.

ಇದಕ್ಕೆಂದೇ ಟೆಸ್ಟ್‌ಡಿಸ್ಕ್, ಫೋಟೊರೆಕ್ ಎಂಬ ಎರಡು ಸಾಧನಗಳುಂಟು. ಎರಡೂ ಧರ್ಮಾರ್ಥವಾಗಿ ದೊರೆಯುತ್ತವೆ. ಮೊದಲನೆಯದು ಅಳಿದ ವಿಭಾಗಗಳ ಗಡಿಗಳನ್ನು ಹುಡುಕಿ ಪಟ್ಟಿಯನ್ನು ಮರಳಿ ಕಟ್ಟಲು ಯತ್ನಿಸುತ್ತದೆ. ಪಟ್ಟಿ ಸಿಕ್ಕದಿದ್ದಲ್ಲಿ ಎರಡನೆಯದು ಗದ್ದೆ ಗದ್ದೆಯನ್ನೂ ಓದುತ್ತ ಹೋಗಿ, ಇದು ಚಿತ್ರದ ಮೊದಲು, ಇದು ಧ್ವನಿಯ ಮೊದಲು ಎಂದು ಲಕ್ಷಣದಿಂದಲೇ ಗುರುತಿಸಿ ಹೊರತೆಗೆಯುತ್ತದೆ. ಹೊರಬಂದ ಕಡತಗಳಿಗೆ ಹೆಸರಿರುವುದಿಲ್ಲ, ಬರೀ ಅಂಕಿಗಳು. ಚೂರುಚೂರಾಗಿ ಬೇರೆ ಬೇರೆ ಕಡೆ ಬಿದ್ದಿದ್ದ ಕಡತಗಳು ಪೂರ್ತಿಯಾಗಿ ಬಾರದಿರಲೂಬಹುದು. ನಿಯಮವೊಂದನ್ನು ಮಾತ್ರ ಮೀರಕೂಡದು: ಸಿಕ್ಕಿದ್ದನ್ನು ಬೇರೊಂದು ಡಿಸ್ಕಿಗೆ ಬರೆದುಕೊಳ್ಳಬೇಕು, ಹುಡುಕುತ್ತಿರುವ ಡಿಸ್ಕಿಗೆ ಒಂದಕ್ಷರವನ್ನೂ ಬರೆಯಬಾರದು.

ಪೂರ್ಣ ಒರೆಸುವಿಕೆಯ ಮಾತು ಬೇರೆ. ಪ್ರತಿ ಗದ್ದೆಗೂ ಸೊನ್ನೆಗಳನ್ನು ತುಂಬಿದ್ದರೆ ಉಳಿಯುವುದೇನೂ ಇಲ್ಲ. ವಿಂಡೋಸ್ ವಿಸ್ತಾದಿಂದೀಚೆಗೆ, ತಡವಾಗಿ ಮುಗಿಯುವ ಪೂರ್ಣ ಫಾರ್ಮ್ಯಾಟು ಮಾಡುವುದು ಇದನ್ನೇ. ಮೂವತ್ತೈದು ಬಾರಿ ಬರೆದರಲ್ಲದೆ ಹಳೆಯದು ಅಳಿಯದೆಂಬ ನಂಬಿಕೆಯೊಂದುಂಟು. ಅದು ಪೀಟರ್ ಗಟ್‌ಮನ್ ಎಂಬ ವಿದ್ವಾಂಸ 1996ರಲ್ಲಿ, ಆಗಿನ ಕಾಲದ ನಾನಾ ಬಗೆಯ ಡಿಸ್ಕುಗಳನ್ನು ಮನಸ್ಸಿನಲ್ಲಿಟ್ಟು ಬರೆದ ಪ್ರಬಂಧದಿಂದ ಹುಟ್ಟಿದ್ದು. ಇಂದಿನ ಡಿಸ್ಕುಗಳಿಗೆ ಒಮ್ಮೆ ಬರೆದರೆ ಸಾಕು. ತಿರುಗುವ ತಟ್ಟೆಯಿಲ್ಲದ ಎಸ್.ಎಸ್.ಡಿ.ಗಳಲ್ಲಂತೂ ಇನ್ನೂ ಎಚ್ಚರ ಬೇಕು. ಅಳಿಸಿದೊಡನೆ ಆ ಜಾಗ ಬೇಡವಾಯಿತೆಂಬ ಸಂದೇಶ ಡಿಸ್ಕಿಗೇ ಹೋಗಿ, ಅದು ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಶುಚಿಮಾಡಿಬಿಡುತ್ತದೆ. ಅಲ್ಲಿ ಹುಡುಕಾಟಕ್ಕೆ ಬಹುತೇಕ ಆಸ್ಪದವಿಲ್ಲ.

ಜಾಗ ಮರಳಿ ಪಡೆಯುವ ಬಗೆ

ಡಿಸ್ಕಿನಲ್ಲಿ ಬೇಕಾದುದೇನೂ ಉಳಿದಿಲ್ಲವೆಂದು ಖಚಿತವಾದ ಮೇಲೆ ಮುಂದಿನ ಕೆಲಸ ಸುಲಭ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಭಾಗವನ್ನು ತೆರೆದರೆ ಕೆಳಗಡೆ ಪ್ರತಿ ಡಿಸ್ಕಿಗೂ ಒಂದೊಂದು ಪಟ್ಟೆ ಕಾಣುತ್ತದೆ. ಎಡತುದಿಯಲ್ಲಿ ಡಿಸ್ಕಿನ ಪೂರ್ತಿ ಅಳತೆ. ಅಲ್ಲಿ 465 ಎಂದಿದ್ದರೆ ಡಿಸ್ಕು ಆರೋಗ್ಯವಾಗಿದೆ; ಬಲಗಡೆ ಅನ್‌ಅಲೊಕೇಟೆಡ್ ಎಂದು ಕಪ್ಪು ಗೆರೆಯಡಿ ಬರೆದಿರುವುದೇ ಕಾಣೆಯಾಗಿದ್ದ ಜಾಗ. ಇರುವ ಸಣ್ಣ ವಿಭಾಗಗಳನ್ನು ಅಳಿಸಿ, ಇಡೀ ನೆಲವನ್ನು ಒಂದೇ ಖಾತೆಗೆ ಸೇರಿಸಿ, ಫಾರ್ಮ್ಯಾಟ್ ಮಾಡಿದರೆ ತೀರಿತು.

ಕೆಲವು ವಿಭಾಗಗಳನ್ನು ಈ ಸಾಧನ ಅಳಿಸಗೊಡುವುದಿಲ್ಲ. ಆಗ ಡಿಸ್ಕ್‌ಪಾರ್ಟ್ ಎಂಬ ಆಜ್ಞಾಸಾಧನದ ಮೊರೆಹೋಗಬೇಕು. 'ಲಿಸ್ಟ್ ಡಿಸ್ಕ್' ಎಂದರೆ ಡಿಸ್ಕುಗಳ ಪಟ್ಟಿ; 'ಸೆಲೆಕ್ಟ್ ಡಿಸ್ಕ್' ಎಂದು ಅಂಕಿ ಕೊಟ್ಟರೆ ಆಯ್ಕೆ; 'ಕ್ಲೀನ್' ಎಂದರೆ ವಿಭಾಗಪಟ್ಟಿ ಮಾಯ. ಅದು ಮತ್ತೊಮ್ಮೆ ಕೇಳುವುದಿಲ್ಲ, ಕ್ಷಮಿಸುವುದೂ ಇಲ್ಲ. ಅಂಕಿ ತಪ್ಪಿದರೆ ಒಳ್ಳೆಯ ಡಿಸ್ಕಿನ ಪಟ್ಟಿ ಹೋಗುತ್ತದೆ. ಆದುದರಿಂದ ಬೇಡದ ಡಿಸ್ಕುಗಳನ್ನೆಲ್ಲ ಮೊದಲು ಕಳಚಿಟ್ಟು, ಅಳತೆ ನೋಡಿ ಗುರುತು ಹಿಡಿದು, ಅನಂತರ ಕೈಹಾಕಬೇಕು. 'ಕ್ಲೀನ್' ಎಂಬುದಕ್ಕೆ 'ಆಲ್' ಎಂಬ ಪದವೊಂದು ಸೇರಿದರೆ ಡಿಸ್ಕಿನ ಉದ್ದಗಲಕ್ಕೂ ಸೊನ್ನೆ ತುಂಬುತ್ತದೆಂಬುದನ್ನೂ ನೆನಪಿಡಬೇಕು. ಡಿಸ್ಕನ್ನು ಪರರಿಗೆ ಮಾರುವವನಿಗೆ ಆ ಪದ ಬೇಕು. ಅಜ್ಜಿಯ ಹಾಡನ್ನು ಹುಡುಕುವವನಿಗೆ ಅದೇ ವಿಷ.

ಬಿಳಿಗೆರೆಯ ಹುಡುಗ ಡಿಸ್ಕ್‌ಪಾರ್ಟನ್ನು ಮುಚ್ಚಿಟ್ಟು ಫೋಟೊರೆಕ್ ತೆರೆಯುತ್ತಾನೆಂದು ಭಾವಿಸೋಣ. ಹಲವು ಗಂಟೆಗಳ ಹುಡುಕಾಟ. ಅಂಕಿಗಳನ್ನೇ ಹೆಸರಾಗಿ ಹೊತ್ತ ಸಾವಿರಾರು ಕಡತಗಳು ಬೇರೊಂದು ಡಿಸ್ಕಿಗೆ ಬಂದು ಬೀಳುತ್ತವೆ. ಜಗುಲಿಯ ಮೇಲೆ ಕುಳಿತು ಒಂದೊಂದಾಗಿ ಕೇಳಬೇಕು. ಒಂದು ಸಿನಿಮಾ ಹಾಡು, ಒಂದು ಅರ್ಧಕ್ಕೆ ತುಂಡಾದ ಭಾಷಣ, ಮತ್ತೊಂದು ಬರೀ ಗರಗರ ಸದ್ದು. ಆಮೇಲೊಂದರಲ್ಲಿ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಹೇಳ್ಲೇನಪ್ಪಾ?" ಎಂದು ಕೇಳುವ ಮುದಿದನಿ. ತಾತ ಎಲೆಯಡಿಕೆಯ ಚೀಲವನ್ನು ಕೆಳಗಿಡುತ್ತಾರೆ.

ಆ ಬಳಿಕ ಡಿಸ್ಕನ್ನು ಒರೆಸಬಹುದು. 465 ಗಿಗಾಬೈಟೂ ಎಲ್ಲಿದ್ದುವೋ ಅಲ್ಲಿಯೇ ಇರುತ್ತವೆ. ಅವು ಒಂದು ದಿನ ತಡವಾಗಿ ಬಂದರೆ ಯಾರಿಗೂ ನಷ್ಟವಿಲ್ಲ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಸದ್ದು ಕೇಳಿಯೇ ಸುಲಿಯುವುದು ತೆಂಗಿನ ಸೀಮೆಯವರ ಪದ್ಧತಿ. ಡಿಸ್ಕನ್ನು ಅಳಿಸುವ ಮುನ್ನವೂ ಅಷ್ಟು ಮಾಡಿದರೆ ಸಾಕು.